ಹಳೇ ಕಮಲಿಯೊಂಡಾ ಸೋಫಾ ಕೊಳ್ಳುವ ಮುಂಚೆ ಅದನ್ನು ಮಗುಚಿ ನೋಡಿ

ಇಟಲಿಯಲ್ಲೋ ಯುರೋಪಿನ ಬೇರೆ ಕಡೆಯೋ ಇದ್ದು ಹಳೇ ಕಮಲಿಯೊಂಡಾ ಸೋಫಾ (ತುಂಡು ತುಂಡಾಗಿ ಬಿಚ್ಚಿ ಬೇಕಾದ ಹಾಗೆ ಜೋಡಿಸಿಕೊಳ್ಳುವ, ಉಬ್ಬು ಉಬ್ಬಾದ ಇಟಲಿಯ ಸೋಫಾ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಿಲಾನಿನಲ್ಲಿ ನಮಗೆ ಆದ ಮೋಸ ಇನ್ನೊಬ್ಬರಿಗೆ ಆಗಬಾರದು.

ಹಳೇ ಪೀಠೋಪಕರಣಗಳನ್ನು ಆನ್‌ಲೈನಿನಲ್ಲಿ ಮಾರುವ ಒಬ್ಬರಿಂದ ನಾವು ಕೊಂಡೆವು. "1971ರ ಅಸಲಿ ಸೋಫಾ, ರಿಪೇರಿ ಮಾಡಿಸಿ ಹೊಸ ಬಟ್ಟೆ ಹಾಕಿಸಿದೆ" ಎಂದು ಅವರು ಬರೆದಿದ್ದರು. ಮನೆಗೆ ಬಂದದ್ದು ಬೇರೆಯೇ. ಕೆಲವು ಸೀಟುಗಳ ಒಳಗೆ ಹಳೇ ಫೋಮ್ ಹಾಗೇ ಇತ್ತು. ಕೂತು ಎದ್ದರೆ ಹೊಲಿಗೆ ಸಂದಿಯಿಂದ ಹಳದಿ ಪುಡಿ ಹುರಿಗಡಲೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಉಳಿದವುಗಳಲ್ಲಿ ಸಾದಾ ಫೋಮ್ ಕತ್ತರಿಸಿ ತುಂಬಿದ್ದರು, ಹಾಗಾಗಿ ಆ ಉಬ್ಬು ಉಬ್ಬಾದ ಆಕಾರವೇ ಇರಲಿಲ್ಲ. ನಮ್ಮನೆಯವರು ಬೆನ್ನಿನ ಭಾಗ ಬಿಚ್ಚಲು ನೋಡಿದರು. ಬರಲಿಲ್ಲ. ಸ್ಕ್ರೂ ಹೊಡೆದು ಕೂರಿಸಿಬಿಟ್ಟಿದ್ದರು.

ನನಗೆ ತುಂಬಾ ನೋವಾಗಿದ್ದು ಇದೇ. ಯಾಕೆಂದರೆ ಬಿಚ್ಚಿ ಜೋಡಿಸಲು ಬರದ ಕಮಲಿಯೊಂಡಾ ಕಮಲಿಯೊಂಡಾನೇ ಅಲ್ಲ. ಇಟಲಿಯ ವಿನ್ಯಾಸಕಾರ ಮಾರಿಯೋ ಬೆಲ್ಲಿನಿ ಇದನ್ನು 1970ರಲ್ಲಿ ಮಾಡಿದ್ದು. ಸೀಟು 90 ಸೆಂಟಿಮೀಟರಿನ ಚೌಕ. ಬೆನ್ನು ಬೇರೆ, ಕೈ ಬೇರೆ. ಕೇಬಲ್, ಕೊಕ್ಕೆ, ಉಂಗುರ ಇಷ್ಟೇ ಇವನ್ನೆಲ್ಲ ಹಿಡಿದಿಡುತ್ತವೆ. ಇವತ್ತು ಉದ್ದ ಸೋಫಾ ಆಗಿದ್ದದ್ದನ್ನು ನಾಳೆ ನೆಂಟರು ಬಂದಾಗ ಹಾಸಿಗೆ ಮಾಡಬಹುದು, ಮನೆ ಬದಲಿಸಿದರೆ ಎರಡು ಕುರ್ಚಿ ಮಾಡಿಕೊಳ್ಳಬಹುದು. ಮನೆಯವರ ಬದುಕು ಬದಲಾದರೆ ಸೋಫಾ ಕೂಡ ಬದಲಾಗಬೇಕು ಅನ್ನುವ ಯೋಚನೆ 50 ವರ್ಷದ ಹಿಂದೆಯೇ ಒಬ್ಬರಿಗೆ ಬಂದಿತ್ತು ಅಂದರೆ ಎಷ್ಟು ಚೆಂದ ಅಲ್ವಾ? 1972ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇಟಲಿಯ ವಿನ್ಯಾಸಗಳ ದೊಡ್ಡ ಪ್ರದರ್ಶನ ನಡೆಸಿದಾಗ ಇದೂ ಅಲ್ಲಿತ್ತು. 70ರ ದಶಕದ ಕೊನೆಗೆ ತಯಾರಿಕೆ ನಿಂತಿತು. ಆದರೂ ಜನ ಬಿಡಲಿಲ್ಲ, ಹಳೇದನ್ನೇ ಹುಡುಕಿ ಹುಡುಕಿ ಕೊಂಡರು. 2020ರಲ್ಲಿ, ಮೊದಲು ಇದನ್ನು ತಯಾರಿಸುತ್ತಿದ್ದ ಕಂಪನಿಯಾದ ಬಿ ಆ್ಯಂಡ್ ಬಿ ಇಟಾಲಿಯಾ ಮತ್ತೆ ತಯಾರಿಸಲು ಶುರು ಮಾಡಿತು. ಅದಾದ ಮೇಲೂ ಹಳೇದರ ಆಸೆ ಕಡಿಮೆಯಾಗಿಲ್ಲ. ಆ ಆಸೆಯನ್ನೇ ಇಂಥವರು ದುಡ್ಡು ಮಾಡಿಕೊಳ್ಳುತ್ತಿರುವುದು.

ಬ್ರಿಯಾನ್ಸಾ ಕಡೆಯ ಒಬ್ಬ ಹಿರಿಯ ಕುಶನ್ ಕೆಲಸದವರಿಗೆ ತೋರಿಸಿದೆವು. ಮಿಲಾನಿನ ಉತ್ತರಕ್ಕಿರುವ ಆ ಪ್ರದೇಶವೇ ಪೀಠೋಪಕರಣಕ್ಕೆ ಹೆಸರುವಾಸಿ. ಅವರು ಬಟ್ಟೆಯನ್ನು ಮುಟ್ಟಿಯೂ ನೋಡಲಿಲ್ಲ, ಸೀದಾ ಸೀಟು ಮಗುಚಿದರು. ಕೆಲವು ಸೀಟುಗಳ ಅಡಿಯಲ್ಲಿ ಉಂಗುರವೂ ಇಲ್ಲ, ಉಂಗುರ ಇದ್ದ ಗುರುತೂ ಇಲ್ಲ. ಅವು ನಕಲಿ. ಅಸಲಿ ತುಂಡುಗಳ ಜೊತೆ ಬೆರೆಸಿ, ಒಂದೇ ಬಟ್ಟೆ ಹೊದಿಸಿ ಮಾರಿದ್ದರು. ಆಮೇಲೆ ಸೋಫಾಗೆ ಹೊಲಿದಿದ್ದ ಕಂಪನಿ ಹೆಸರಿನ ಚೀಟಿ ತೋರಿಸಿದರು. ನಮ್ಮದರಲ್ಲಿ ಬಿ ಆ್ಯಂಡ್ ಬಿ ಇಟಾಲಿಯಾ ಎಂದು ಹೊಲಿದಿತ್ತು. ಆದರೆ 1971ರಲ್ಲಿ ಆ ಹೆಸರೇ ಇರಲಿಲ್ಲ. ಆಗ ಕಂಪನಿ ಸಿ ಆ್ಯಂಡ್ ಬಿ ಇಟಾಲಿಯಾ, ಚೆಸಾರೆ ಕಸ್ಸೀನಾ ಮತ್ತು ಪಿಯೆರೋ ಬುಸ್ನೆಲ್ಲಿ ಜೊತೆಯಾಗಿ ನಡೆಸುತ್ತಿದ್ದದ್ದು. 1973ರಲ್ಲಿ ಕಸ್ಸೀನಾ ಹೊರಬಂದ ಮೇಲೆ ಹೆಸರು ಬದಲಾಯಿತು. ಮಾರುವವರು ಹೇಳುವ ವರ್ಷಕ್ಕೂ ಚೀಟಿಗೂ ತಾಳೆ ಆಗುತ್ತದಾ ಎಂದು ತಪ್ಪದೇ ನೋಡಿ. ಚೀಟಿ ಸರಿಯಿದ್ದರೂ ಅಷ್ಟಕ್ಕೇ ನಂಬಬೇಡಿ, ಅದನ್ನು ಎಲ್ಲಿಂದಲೋ ಬಿಚ್ಚಿ ಹೊಲಿಯಬಹುದು.

ಫೋಮ್ ಬಗ್ಗೆ ಒಂದು ಮಾತು. ಪಾಲಿಯುರಿಥೇನ್ ಫೋಮ್ ಗಾಳಿ, ತೇವ, ಬೆಳಕಿಗೆ ಹಾಳಾಗಿ ಪುಡಿಯಾಗುವುದು ಸಹಜ. ಹಳೇ ಸೋಫಾಗೆ ಫೋಮ್ ಬದಲಿಸಿದರೆ ಅದು ಮೋಸವಲ್ಲ. ಬದಲಿಸದೆ ಬದಲಿಸಿದೆ ಅನ್ನುವುದು ಮೋಸ. ಕೆಲಸ ಮಾಡಿದವರು ಯಾರು ಎಂದು ಕೇಳಿ, ಬಟ್ಟೆ ಬಿಚ್ಚಿದಾಗ ತೆಗೆದ ಫೋಟೋ ಕೇಳಿ. ನಿಜವಾಗಿ ಮಾಡಿಸಿದವರ ಹತ್ತಿರ ಅದು ಇದ್ದೇ ಇರುತ್ತದೆ.

ದುಡ್ಡು ವಾಪಸ್ ಕೇಳಿದಾಗ ಆ ಮನುಷ್ಯ ಮಾತು ಬದಲಿಸಿದರು. "ನಾನು ವ್ಯಾಪಾರಿ ಅಲ್ಲ, ನಮ್ಮ ಮನೆಯ ಸೋಫಾ ಮಾರಿದೆ ಅಷ್ಟೇ" ಎಂದರು. ಇದರ ಹಿಂದೆ ಲೆಕ್ಕಾಚಾರ ಇದೆ. ಯುರೋಪಿನಲ್ಲಿ ವ್ಯಾಪಾರಿಯಿಂದ ಆನ್‌ಲೈನಿನಲ್ಲಿ ಕೊಂಡರೆ, ವಸ್ತು ಕೈಸೇರಿದ 14 ದಿನದೊಳಗೆ ಕಾರಣ ಹೇಳದೆ ಬೇಡ ಅನ್ನುವ ಹಕ್ಕಿದೆ. ಇಟಲಿಯಲ್ಲಿ ವ್ಯಾಪಾರಿ ಮಾರಿದ ಹಳೇ ವಸ್ತುವಿಗೂ ಕಾನೂನಿನ ಗ್ಯಾರಂಟಿ ಇದೆ, ಒಪ್ಪಂದ ಮಾಡಿಕೊಂಡರೂ ಅದನ್ನು ಒಂದು ವರ್ಷಕ್ಕಿಂತ ಕಡಿಮೆ ಮಾಡುವಂತಿಲ್ಲ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಇವೆರಡೂ ಸಿಗುವುದಿಲ್ಲ. ಆದ್ದರಿಂದ ದುಡ್ಡು ಕಳಿಸುವ ಮೊದಲೇ ಪಾರ್ತಿತಾ ಈವಾ ನಂಬರ್ (ಇಟಲಿಯ ವ್ಯಾಪಾರಿಗಳ ತೆರಿಗೆ ನೋಂದಣಿ ಸಂಖ್ಯೆ) ಇರುವ ಬಿಲ್ ಕೇಳಿ. "ಬಿಲ್ ಇಲ್ಲದಿದ್ದರೆ ರೇಟ್ ಕಡಿಮೆ ಮಾಡುತ್ತೇನೆ" ಎಂದರೆ ಅಲ್ಲಿಂದ ಎದ್ದು ಬನ್ನಿ.

ಹೋಗಿ ನೋಡುವಾಗ ಬಟ್ಟೆ, ಬಣ್ಣ ಆಮೇಲೆ ನೋಡಿ. ಮೊದಲು ಪ್ರತಿ ಸೀಟನ್ನೂ ಮಗುಚಿ. ಒಂದು ಬೆನ್ನನ್ನು ನಿಮ್ಮ ಕೈಯಾರೆ ಬಿಚ್ಚಿ ಇನ್ನೊಂದು ಸೀಟಿಗೆ ಹಾಕಿ. ಹಾಗೆ ಮಾಡಲು ಮಾರುವವರು ಬಿಡದಿದ್ದರೆ ಕೊಳ್ಳಬೇಡಿ. ದೂರದಲ್ಲಿದ್ದರೆ ಇದನ್ನೆಲ್ಲ ವಿಡಿಯೋ ಕಾಲಿನಲ್ಲಿ ಮಾಡಿಸಿ, ಕಳಿಸಿದ ಫೋಟೋ ಸಾಕಾಗುವುದಿಲ್ಲ.

ನಾವು ವಕೀಲರ ಮೂಲಕ ನೋಟಿಸ್ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಈ ವಾರ ಅದೇ ಕೋಣೆ, ಅದೇ ನೆಲಹಾಸಿನ ಫೋಟೋದಲ್ಲಿ ಹಸಿರು ಬಟ್ಟೆಯ ಇನ್ನೊಂದು "1971ರ ಅಸಲಿ" ಸೋಫಾ ಬೇರೆ ಹೆಸರಿನಲ್ಲಿ ಮಾರಾಟಕ್ಕೆ ಬಂದಿದೆ. ಅದನ್ನು ನೋಡುತ್ತಿರುವವರು ಯಾರಾದರೂ ಇದ್ದರೆ ಮುಂಗಡ ಕೊಡಬೇಡಿ, ಮೊದಲು ನನಗೆ ಮೆಸೇಜ್ ಮಾಡಿ.