ಉಪ್ಪು ಹಿಡಿದುಕೊಟ್ಟ ಸಾಫ್ಟ್‌ವೇರ್

ಗೋಕರ್ಣದ ಹತ್ತಿರ, ಸಮುದ್ರಕ್ಕೆ ತಾಗಿಕೊಂಡೇ ಇರುವ ಒಂದು ರೆಸಾರ್ಟಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವುದು ನನ್ನ ಕೆಲಸ. ದಿನಕ್ಕೆ 60 ಸಾವಿರ ಲೀಟರ್ ಕೊಳಚೆ ನೀರಿನ ಪ್ಲಾಂಟ್. ಡಿಸೆಂಬರ್ ಕೊನೆಯ ವಾರ ಅಷ್ಟೂ ಬರುತ್ತದೆ. ಜೂನ್‌ನಲ್ಲಿ ರೂಮುಗಳು ಖಾಲಿ, ಆದ್ರೂ ಬರುತ್ತದೆ. ಅದು ಮಳೆ ನೀರು. ನಾನಿರುವುದು ಕಾರವಾರದಲ್ಲಿ, ದಿನಾ ಓಡಾಡಲು ಆಗುವುದಿಲ್ಲ. ಹಾಗಾಗಿ ಎರಡು ವರ್ಷದಿಂದ ಪ್ಲಾಂಟಿನ ನಕಲೊಂದನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೇನೆ, ಸಿಮ್ಯುಲೇಷನ್ ಸಾಫ್ಟ್‌ವೇರ್‌ನಲ್ಲಿ.

ಇದರಲ್ಲಿ ಜಿಪಿಎಸ್-ಎಕ್ಸ್, ಬಯೋವಿನ್, ಸುಮೋ, ವೆಸ್ಟ್ ಅಂತ ಹಲವು ಇವೆ. ನನ್ನದು ಯಾವುದು ಅಂತ ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಒಳಗಿನ ಲೆಕ್ಕ ಮಾತ್ರ ಬಹುಪಾಲು ಒಂದೇ ಬೇರಿನದು: 1987ರಲ್ಲಿ ಬಂದ ಎಎಸ್‌ಎಂ1 ಎಂಬ ಮಾದರಿ. ಕೊಳಚೆಯನ್ನು 13 ಭಾಗ ಮಾಡಿ, ಬ್ಯಾಕ್ಟೀರಿಯಾ ಯಾವುದನ್ನು ಎಷ್ಟು ಬೇಗ ತಿನ್ನುತ್ತದೆ ಅಂತ 8 ಕ್ರಿಯೆಗಳಲ್ಲಿ ಲೆಕ್ಕ ಹಾಕುತ್ತದೆ.

ಈ ಮಳೆಗಾಲಕ್ಕೆ ಮುಂಚೆ ಹೊಸ ಆವೃತ್ತಿ ಬಂತು. ತೆರೆದ ಕೂಡಲೇ ಕಾಣುವುದು ಕಾರಿನ ಮೀಟರ್ ತರಹದ ಡಯಲ್‌ಗಳು. ಚೆಂದ ಇದೆ. ರೆಸಾರ್ಟ್ ಮಾಲೀಕರಿಗೆ ತೋರಿಸಿದೆ, ಅವರೂ ಚೆಂದ ಇದೆ ಅಂದರು. ಅಲ್ಲಿಗೆ ಡಯಲ್ ಕೆಲಸ ಮುಗೀತು.

ನನಗೆ ದುಡ್ಡು ವಸೂಲಾದದ್ದು ಯಾರೂ ಜಾಹೀರಾತು ಮಾಡದ ಒಂದು ಪುಟದಲ್ಲಿ. ಒಳಬರುವ ನೀರಿನ ಲ್ಯಾಬ್ ರಿಪೋರ್ಟ್ ಹಾಕಿದರೆ, ಅಂಕಿಗಳು ಒಂದಕ್ಕೊಂದು ಹೊಂದುತ್ತವಾ ಅಂತ ಅದು ಮೊದಲು ತಪಾಸಣೆ ಮಾಡುತ್ತದೆ. ಹಳೆಯದು ಏನು ಕೊಟ್ಟರೂ ಸುಮ್ನೆ ನುಂಗಿಕೊಳ್ಳುತ್ತಿತ್ತು. ಮೇ ತಿಂಗಳ ರಿಪೋರ್ಟ್ ಹಾಕಿದೆ: ಬಿಒಡಿ (ಕೊಳಕನ್ನು ಬ್ಯಾಕ್ಟೀರಿಯಾ ತಿನ್ನಲು ಬೇಕಾದ ಆಮ್ಲಜನಕ) ಲೀಟರಿಗೆ 190 ಮಿ.ಗ್ರಾಂ, ಸಿಒಡಿ (ಅದನ್ನೇ ರಾಸಾಯನಿಕ ಹಾಕಿ ಸುಡಲು ಬೇಕಾದ ಆಮ್ಲಜನಕ) 640. ಕೆಂಪು ಗೆರೆ ಬಂತು. ಮನೆಬಳಕೆಯ ಕೊಳಚೆಯಲ್ಲಿ ಸಿಒಡಿ ಸಾಮಾನ್ಯವಾಗಿ ಬಿಒಡಿಯ ಎರಡು ಪಟ್ಟು ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ. ಇಲ್ಲಿ ಮೂರು ಪಟ್ಟು ದಾಟಿದೆ. ರೆಸಾರ್ಟ್‌ನಲ್ಲಿ ಬಣ್ಣದ ಕಾರ್ಖಾನೆ ಏನಾದರೂ ಇದೆಯಾ?

ಆಪರೇಟರ್ ಅಣ್ಣನಿಗೆ ಫೋನ್ ಮಾಡಿದೆ. ಅಂಕೋಲೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಶಾಲೆ ಟೀಚರಲ್ಲ, ಆದರೂ ನನ್ನನ್ನು ಅಕ್ಕೋರೇ ಅಂತಲೇ ಕರೆಯುತ್ತಾರೆ.

"ಅಣ್ಣ, ಸ್ಯಾಂಪಲ್ ಯಾವಾಗ ಹಿಡಿದದ್ದು?"

"ಅಮಾಸೆ ದಿನ ಅಕ್ಕೋರೇ, ಬೆಳಿಗ್ಗೆ. ಉಬ್ಬರ ಜೋರಿತ್ತು."

ಅಷ್ಟೇ ಸಾಕಾಯಿತು. ಬೀಚ್ ಕಡೆಯ ಮ್ಯಾನ್‌ಹೋಲ್‌ಗೆ ಸಮುದ್ರದ ನೀರು ಜಿನುಗುತ್ತಿದೆ. ಸಿಒಡಿ ಪರೀಕ್ಷೆಯಲ್ಲಿ ಹಾಕುವ ಡೈಕ್ರೋಮೇಟ್ ಕೊಳಕನ್ನಷ್ಟೇ ಅಲ್ಲ, ಉಪ್ಪಿನ ಕ್ಲೋರೈಡನ್ನೂ ಸುಡುತ್ತದೆ. ಲೀಟರಿಗೆ 1000 ಮಿ.ಗ್ರಾಂ ಕ್ಲೋರೈಡ್ ಇದ್ದರೆ ಸುಮಾರು 226 ಮಿ.ಗ್ರಾಂ ಸುಳ್ಳು ಸಿಒಡಿ. ಸಮುದ್ರದ ನೀರಿನಲ್ಲಿ ಕ್ಲೋರೈಡ್ 19,000ದ ಹತ್ತಿರ ಇರುತ್ತದೆ. ನೂರಕ್ಕೆ ಐದು ಪಾಲು ಸೇರಿದರೂ ಲೆಕ್ಕ ಕೆಟ್ಟಂತೆ. ಅದಕ್ಕೇ ಮೊದಲು ಮರ್ಕ್ಯುರಿಕ್ ಸಲ್ಫೇಟ್ ಹಾಕಿ ಕ್ಲೋರೈಡನ್ನು ಕಟ್ಟಿಹಾಕಬೇಕು. ಲ್ಯಾಬ್‌ನವರು ಅದರಲ್ಲಿ ಕಂಜೂಸಿ ಮಾಡಿದ್ದರು. ಬೇರೆ ಕಡೆ ಅದೇ ಬಾಟಲಿಯ ನೀರು ಕೊಟ್ಟಾಗ ಸಿಒಡಿ 420 ಬಂತು. ಎರಡು ವರ್ಷ ನಾನು ಈ ಸುಳ್ಳನ್ನೇ ಮಾಡೆಲ್‌ಗೆ ಉಣಿಸಿ, ಹೊರಹೋಗುವ ನೀರಿನ ಲೆಕ್ಕ ಯಾಕೆ ಕೂಡುವುದಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಮ್ಯಾನ್‌ಹೋಲ್ ಗಾರೆ ಕೆಲಸ ಈಗ ಮುಗಿದಿದೆ.

ಎರಡನೆಯ ಲಾಭ ಮಳೆಯದು. ಗಂಟೆ ಗಂಟೆಯ ಮಳೆಯನ್ನು ಕೋಷ್ಟಕದಿಂದ ನೇರ ಎಳೆದುಕೊಳ್ಳುತ್ತದೆ. ಕೆಸರು, ಅಂದರೆ ಬ್ಯಾಕ್ಟೀರಿಯಾ ಮುದ್ದೆ, ಎಷ್ಟು ಬೇಗ ತಳ ಸೇರುತ್ತದೆ ಅಂತ ತಿಳಿಯಲು ಈಗ ಎಸ್‌ವಿಐ (ಒಂದು ಗ್ರಾಂ ಕೆಸರು ತಂಗಿದಾಗ ಎಷ್ಟು ಮಿ.ಲೀ. ಜಾಗ ಹಿಡಿಯುತ್ತದೆ ಎಂಬ ಅಂಕಿ) ಕೊಟ್ಟರೂ ಸಾಕು. ಒಂದು ಲೀಟರ್ ಜಾಡಿಯಲ್ಲಿ, ಬ್ಲೋವರ್ ಗಾಳಿ ಊದುವ ಏರೇಷನ್ ಟ್ಯಾಂಕಿನ ನೀರು ಹಾಕಿ ಅರ್ಧ ಗಂಟೆ ಬಿಟ್ಟೆವು. ಕೆಸರು 480 ಮಿ.ಲೀ. ಗೆರೆಗೆ ಇಳಿಯಿತು. ಎಂಎಲ್‌ಎಸ್‌ಎಸ್ (ಆ ನೀರಿನಲ್ಲಿ ತೇಲುವ ಕೆಸರು) ಲೀಟರಿಗೆ 3200 ಮಿ.ಗ್ರಾಂ, ಅಂದರೆ ಎಸ್‌ವಿಐ 150. ಅದನ್ನು ಹಾಕಿ ಮಳೆ ಸುರಿಸಿದರೆ, ಸೆಟ್ಲಿಂಗ್ ಟ್ಯಾಂಕ್ ಹತ್ತು ಪದರಗಳಾಗಿ ತೆರೆಯ ಮೇಲೆ ಬಂತು. ಕಂದು ಬಣ್ಣ ಒಂದೊಂದೇ ಪದರ ಹತ್ತಿ, ಐದನೇ ಗಂಟೆಗೆ ಮೇಲಿನ ಅಂಚು ಮುಟ್ಟಿತು. ಹೋದ ಜುಲೈನಲ್ಲಿ ಕೆಸರು ತೊಳೆದುಹೋಗಿದ್ದು ಹೀಗೇ. ಒಳಬರುವ ನೀರನ್ನು ಮೊದಲು ಕೂಡಿಸಿಡುವ ಈಕ್ವಲೈಸೇಷನ್ ಟ್ಯಾಂಕ್ ತುಂಬಿತೆಂದು ಎರಡನೇ ಪಂಪೂ ಹಾಕುತ್ತಿದ್ದೆವು, ನೀರೆಲ್ಲ ಒಮ್ಮೆಲೇ ಮುಂದೆ ನುಗ್ಗುತ್ತಿತ್ತು. ಈಗ ಮಳೆ ಮುನ್ಸೂಚನೆ ಬಂದ ದಿನವೇ ಆ ಟ್ಯಾಂಕಿನ ನೀರನ್ನು ಕಾಲು ಭಾಗಕ್ಕೆ ಇಳಿಸಿಡುತ್ತೇವೆ. ಅಣ್ಣನಿಗೆ ಈ ಚಿತ್ರ ತೋರಿಸಿದಾಗ, "ಇದನ್ನ ನಾ ಆಗ್ಲೇ ಹೇಳಿದ್ದೆ" ಅಂದರು. ಹೇಳಿದ್ದರು, ನಿಜ.

ಇಂಗಾಲದ ಲೆಕ್ಕವೂ ಸೇರಿದೆ. ಟ್ಯಾಂಕಿನಿಂದ ಏಳುವ ನೈಟ್ರಸ್ ಆಕ್ಸೈಡ್ ಒಂದು ಕಿಲೋ ಅಂದರೆ 273 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ದೊಡ್ಡ ಊರಿನ ಪ್ಲಾಂಟಿಗೆ ಬೇಕಾದೀತು. ನಮ್ಮ ಮಾಲೀಕರು ಕೇಳಿದ್ದು ಬ್ಲೋವರ್ ಕರೆಂಟ್ ಬಿಲ್ ಒಂದನ್ನೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೋಡಣೆ ಚೆನ್ನಾಗಿದೆ: ರಾತ್ರಿ ನೂರಾರು ಸಲ ಓಡಲು ಬಿಟ್ಟು ಮಲಗಬಹುದು, ಲ್ಯಾಪ್‌ಟಾಪ್ ಫ್ಯಾನ್ ಸದ್ದಿಗೆ ನಿದ್ದೆ ಬಂದರೆ.

ಬೈಯುವ ವಿಷಯಕ್ಕೆ ಬರೋಣ. ಹೊಸ ಕಡತ ತೆರೆದರೆ ನೀರಿನ ಉಷ್ಣತೆ ಈಗಲೂ 20 ಡಿಗ್ರಿ. ನಮ್ಮ ಟ್ಯಾಂಕಿನಲ್ಲಿ 28ರ ಕೆಳಗೆ ಇಳಿಯುವುದೇ ಅಪರೂಪ. ಬದಲಿಸಲು ಮರೆತರೆ ಬ್ಯಾಕ್ಟೀರಿಯಾ ಅಮೋನಿಯಾ ತೆಗೆಯುವ ವೇಗವನ್ನು ನಿಜಕ್ಕಿಂತ ನಿಧಾನ ತೋರಿಸುತ್ತದೆ. ಲೈಸೆನ್ಸ್ ಯುಎಸ್‌ಬಿ ಕೀಲಿಯಲ್ಲಿದೆ. ಅದನ್ನು ಕಾರವಾರದ ಮನೆಯಲ್ಲಿ ಬಿಟ್ಟು ಗೋಕರ್ಣಕ್ಕೆ ಹೋದ ದಿನದ ಕತೆ ಬೇಡ. ಸಹಾಯಕ್ಕೆ ಮೇಲ್ ಮಾಡಿದರೆ ನಾಲ್ಕು ದಿನ. ಹೊಸ ಆವೃತ್ತಿಗೆ ಹಳೆಯ ಕಡತ ತಂದಾಗ ನನ್ನ ಪಂಪ್ ವೇಳಾಪಟ್ಟಿ ಪೂರ್ತಿ ಅಳಿಸಿಹೋಗಿತ್ತು, ಕೂತು ಮತ್ತೆ ಹಾಕಿದೆ.

ಕಲಿಯಲಿಕ್ಕೆ ಇಷ್ಟೆಲ್ಲ ಬೇಡ. ಬ್ರಿಟನ್ನಿನ ಡಬ್ಲ್ಯುಆರ್‌ಸಿ ಸಂಸ್ಥೆಯವರ ಸ್ಟೋಟ್ ಎಂಬ ಇಂಥದ್ದೇ ಸಾಫ್ಟ್‌ವೇರ್ ಉಚಿತ. ಅದರಲ್ಲಿ ಬಿಒಡಿ ಆಧಾರದ ಮಾದರಿಗಳೂ ಇವೆ, ಸಿಒಡಿ ಉಪ್ಪಿನ ರಗಳೆಯೇ ಇಲ್ಲ. ನನ್ನ ಲೈಸೆನ್ಸ್ ಮಾರ್ಚ್‌ಗೆ ಮುಗಿಯುತ್ತದೆ. ಮತ್ತೆ ತಗೊಳ್ಳುತ್ತೇನೆ. ಡಯಲ್ ಬೇಡ ಅಂದರೆ ದರ ಕಡಿಮೆ ಮಾಡುತ್ತಾರಾ ಅಂತ ಒಂದು ಮಾತು ಕೇಳುವುದಿದೆ.