ಜೀನ್ಸ್ ಅಂಗಡಿಗೆ ಬಿಟ್‌ಕಾಯಿನ್ನೋ, ಮೊನೆರೋನೋ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವವರು ಗಿರಾಕಿಗಳಿಂದ ಹಣವಾಗಿ ಕ್ರಿಪ್ಟೋ (ಇಂಟರ್ನೆಟ್‌ನ ಡಿಜಿಟಲ್ ನಾಣ್ಯ) ತಗೊಳ್ಳೋದಾದರೆ ಬಿಟ್‌ಕಾಯಿನ್ ಜೊತೆಗೆ ಮೊನೆರೋ ಅನ್ನೋ ನಾಣ್ಯದ ಕಡೆಯೂ ನೋಡಲಿ ಅನ್ನೋದು ನನ್ನ ಆಸೆ. ಬಿಟ್‌ಕಾಯಿನ್‌ನಲ್ಲಿ ಪ್ರತಿ ವ್ಯವಹಾರವೂ ಎಲ್ಲರಿಗೂ ಕಾಣುವ ಖಾತೆಯಲ್ಲಿ ಉಳಿಯುತ್ತದೆ. ನೀವು ಬಿಟ್‌ಕಾಯಿನ್ ಪಡೆಯುವ ವಿಳಾಸ (ಖಾತೆ ಸಂಖ್ಯೆಯಂಥದ್ದು) ಒಮ್ಮೆ ಗೊತ್ತಾದರೆ ಸಾಕು, ಅದಕ್ಕೆ ಎಷ್ಟು ಬಂತು, ಅಲ್ಲಿಂದ ಬಟ್ಟೆ ಕೊಟ್ಟವರಿಗೆ ಎಷ್ಟು ಹೋಯಿತು ಅಂತ ಪಕ್ಕದ ಅಂಗಡಿಯವರೂ ಕೂತು ಲೆಕ್ಕ ಹಾಕಬಹುದು. ವ್ಯಾಪಾರದ ಗುಟ್ಟು ಹೀಗೆ ಬೀದಿಗೆ ಬೀಳಬಾರದು, ಅಲ್ವಾ?

2014ರಲ್ಲಿ ಶುರುವಾದ ಮೊನೆರೋ ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ಮುಚ್ಚಿಡುತ್ತದೆ. ಲೆಕ್ಕಪತ್ರ ನೋಡುವವರಿಗೆ ತೋರಿಸಬೇಕಾದರೆ ವ್ಯೂ ಕೀ (ನೋಡಲು ಮಾತ್ರ ಬಿಡುವ ಗುಪ್ತ ಸಂಕೇತ) ಕೊಡಿ, ಬಂದ ಹಣ ಅವರಿಗೆ ಕಾಣುತ್ತದೆ. ವ್ಯವಹಾರಗಳನ್ನು ಖಾತೆಗೆ ಸೇರಿಸುವ ಕಂತು, ಅಂದರೆ ಬ್ಲಾಕ್, ಮೊನೆರೋದಲ್ಲಿ ಸುಮಾರು 2 ನಿಮಿಷಕ್ಕೊಂದು, ಬಿಟ್‌ಕಾಯಿನ್‌ನಲ್ಲಿ ಸುಮಾರು 10 ನಿಮಿಷಕ್ಕೊಂದು. ಝೀಕ್ಯಾಶ್ ಅನ್ನೋ ಇನ್ನೊಂದು ನಾಣ್ಯದಲ್ಲೂ ಗುಟ್ಟು ಉಳಿಯುತ್ತದೆ, ಆದರೆ ಬೇಕೆಂದು ಆರಿಸಿಕೊಂಡರೆ ಮಾತ್ರ.

ಕಷ್ಟ ಇರೋದು ರೂಪಾಯಿ ಮಾಡಿಕೊಳ್ಳುವಲ್ಲಿ. ಬಿಟ್‌ಕಾಯಿನ್ ಸುಲಭವಾಗಿ ಮಾರಬಹುದು, ಆದರೆ ಮೊನೆರೋವನ್ನು ಕ್ರಿಪ್ಟೋ ಕೊಂಡು ಮಾರುವ ದೊಡ್ಡ ತಾಣ ಬೈನಾನ್ಸ್ 2024ರಲ್ಲಿ ಕೈಬಿಟ್ಟಿತು. ತೆರಿಗೆ ನಿಯಮ ಎರಡಕ್ಕೂ ಒಂದೇ: ಮಾರಿದ ಲಾಭಕ್ಕೆ 30%, ಜೊತೆಗೆ ಮಾರಿದ ಮೊತ್ತದಲ್ಲಿ 1% ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ). ಜಿಎಸ್‌ಟಿ ಬಿಲ್ ತಪ್ಪಿಸಬೇಡಿ, ಗೌಪ್ಯತೆ ಬೇರೆ, ತೆರಿಗೆ ಬೇರೆ.

ದಿನದ ಚಿಲ್ಲರೆಗೆ ಯುಪಿಐ ಸಾಕು. ಗಿರಾಕಿಯೇ ಕ್ರಿಪ್ಟೋ ಕೇಳಿದರೆ ಮೊನೆರೋ ಕ್ಯೂಆರ್ ಕೂಡ ಇಡಿ, ಸಣ್ಣ ಮೊತ್ತದಿಂದ ಶುರು ಮಾಡಿ.