ರ‍್ಯಾಂಕ್, ಪರೀಕ್ಷೆ, ಪ್ರಬಂಧ: ಅಂತರರಾಷ್ಟ್ರೀಯ ವ್ಯವಹಾರ ಪದವಿಗೆ ನಾನು ಹಾಕಿದ ಮೂರು ಅರ್ಜಿಗಳು

ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಪದವಿ ಓದಬೇಕೆಂದು ಒಂದೇ ವರ್ಷ ಮೂರು ಕಡೆ ಅರ್ಜಿ ಹಾಕಿದೆ: ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಸ್ಕೂಲ್ ಆಫ್ ಮ್ಯಾನೇಜ್‌ಮೆಂಟ್, ಇಟಲಿಯ ಮಿಲಾನ್ ನಗರದ ಬೊಕೋನಿ ವಿಶ್ವವಿದ್ಯಾಲಯ, ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಡಾರ್ಲಾ ಮೂರ್ ಸ್ಕೂಲ್. ಮೂರರಲ್ಲೂ ಸೀಟು ಕಡಿಮೆ, ಕೇಳುವವರು ಹೆಚ್ಚು. ಆದರೆ ಆಯ್ಕೆಯ ಕ್ರಮ ಮಾತ್ರ ಒಂದರಂತೆ ಇನ್ನೊಂದಿಲ್ಲ. ಕಲಿಸುವ ಗುಣಮಟ್ಟವನ್ನು ಅಳೆಯುವವರು ಬೇಕಾದಷ್ಟಿದ್ದಾರೆ. ನಾನು ಅರ್ಜಿ ಹಾಕುವ ಕೆಲಸವನ್ನಷ್ಟೇ ಹೋಲಿಸುತ್ತೇನೆ.

ರಾಟರ್‌ಡ್ಯಾಮ್‌ನ ಕ್ರಮ ಎಲ್ಲಕ್ಕಿಂತ ನೇರ. ಅಲ್ಲಿನ ಅಂತರರಾಷ್ಟ್ರೀಯ ವ್ಯವಹಾರ ಪದವಿ ‘ನ್ಯೂಮರಸ್ ಫಿಕ್ಸಸ್’ ವರ್ಗಕ್ಕೆ ಸೇರಿದ್ದು, ಎಂದರೆ ಸೀಟುಗಳ ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ. ಸ್ಟುಡಿಲಿಂಕ್ ಎಂಬ ದೇಶವ್ಯಾಪಿ ಜಾಲತಾಣದಲ್ಲಿ ಜನವರಿ 15ರೊಳಗೆ ನೋಂದಾಯಿಸಬೇಕು. ಏಪ್ರಿಲ್ 15ರಂದು ಪ್ರತಿಯೊಬ್ಬರಿಗೂ ಒಂದು ರ‍್ಯಾಂಕ್ ಬರುತ್ತದೆ. ಸೀಟು ಬಂದರೆ ಎರಡು ವಾರದಲ್ಲಿ ಒಪ್ಪಬೇಕು, ಬಿಟ್ಟರೆ ಅದು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಇಂಥ ಕೋರ್ಸ್‌ಗಳಲ್ಲಿ ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಅರ್ಜಿ ಹಾಕುವಂತಿಲ್ಲ ಎಂಬ ನಿಯಮವೂ ಇದೆ. ಮೊದಲು ಇದು ಕಟ್ಟಿಹಾಕಿದಂತೆ ಅನಿಸಿತು. ಆಮೇಲೆ ನೋಡಿದರೆ, ಎಲ್ಲ ಕಡೆ ಬಲೆ ಬೀಸುವ ಚಟಕ್ಕೆ ಕಡಿವಾಣ ಹಾಕಿ ‘ನಿನಗೆ ನಿಜಕ್ಕೂ ಯಾವುದು ಬೇಕು’ ಎಂದು ಕೇಳಿದ್ದೇ ಈ ನಿಯಮ. ಗಣಿತ ಗಟ್ಟಿಯಾಗಿದ್ದು, ಶಾಲೆಯ ಅಂಕಗಳು ಸ್ಥಿರವಾಗಿದ್ದವರಿಗೆ ಈ ದಾರಿ ಒಳ್ಳೆಯದು. ನಿಮ್ಮನ್ನು ಮಾತಿನಲ್ಲಿ ಬಿಡಿಸಿ ಹೇಳಿಕೊಳ್ಳಬೇಕೆಂಬ ಆಸೆ ಇದ್ದರೆ ಇಲ್ಲಿ ಅದಕ್ಕೆ ಜಾಗ ಕಡಿಮೆ.

ಬೊಕೋನಿಯಲ್ಲಿ ನಾನು ಆರಿಸಿದ್ದು ಇಂಟರ್‌ನ್ಯಾಷನಲ್ ಎಕನಾಮಿಕ್ಸ್ ಅಂಡ್ ಮ್ಯಾನೇಜ್‌ಮೆಂಟ್ ಎಂಬ ಮೂರು ವರ್ಷದ ಇಂಗ್ಲಿಷ್ ಕೋರ್ಸ್. ಶಾಲೆಯ ಅಂಕಗಳ ಜೊತೆಗೆ ಒಂದು ಪರೀಕ್ಷೆಯ ಅಂಕವೂ ಬೇಕು. ಅವರದೇ ಆನ್‌ಲೈನ್ ಪರೀಕ್ಷೆ ಬರೆಯಬಹುದು, ಇಲ್ಲವೇ ಅಮೆರಿಕದ ಕಾಲೇಜು ಪ್ರವೇಶಕ್ಕೆ ಬಳಸುವ ಸ್ಯಾಟ್ ಪರೀಕ್ಷೆಯ ಅಂಕ ಕೊಡಬಹುದು. ನಾನು ಎರಡನ್ನೂ ಅಭ್ಯಾಸ ಮಾಡಿದೆ. ಡಿಜಿಟಲ್ ಸ್ಯಾಟ್‌ನಲ್ಲಿ 134 ನಿಮಿಷಕ್ಕೆ 98 ಪ್ರಶ್ನೆಗಳು, ಬೊಕೋನಿಯದರಲ್ಲಿ 75 ನಿಮಿಷಕ್ಕೆ 50. ಲೆಕ್ಕ ಹಾಕಿದರೆ ಒಂದರಲ್ಲಿ ಪ್ರಶ್ನೆಗೆ ಸುಮಾರು 82 ಸೆಕೆಂಡು, ಇನ್ನೊಂದರಲ್ಲಿ 90. ಹೆಚ್ಚು ಸಮಯ ಇರುವುದೇ ಸುಲಭ ಎಂದುಕೊಂಡಿದ್ದೆ. ಆದರೆ ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಬೊಕೋನಿಯಲ್ಲಿ ಕಳೆಯುತ್ತಾರೆ. ಹಾಗಾಗಿ ಅಲ್ಲಿ ಬಿಡುವುದನ್ನೂ ಕಲಿಯಬೇಕು. ಅಭ್ಯಾಸದ ಹಾಳೆಯ ಅಂಚಿನಲ್ಲಿ ಖಚಿತವಾದದ್ದಕ್ಕೆ ಚುಕ್ಕೆ, ಅನುಮಾನವಿದ್ದದ್ದಕ್ಕೆ ಗೆರೆ, ಗೊತ್ತಿಲ್ಲದ್ದಕ್ಕೆ ಸೊನ್ನೆ ಹಾಕುತ್ತಾ ಹೋದೆ. ಮೂರು ವಾರದ ನಂತರ ಎಣಿಸಿದಾಗ ನನ್ನ ಅಂಕಗಳು ಸೋರುತ್ತಿದ್ದದ್ದು ಗೆರೆಗಳಲ್ಲಿ ಎಂದು ಗೊತ್ತಾಯಿತು. ಕೊನೆಗೆ ಸ್ಯಾಟ್ ಅಂಕವನ್ನೇ ಕಳುಹಿಸಿದೆ. ಧೈರ್ಯದಿಂದ ಊಹಿಸುವ ಸ್ವಭಾವದವರಿಗೆ ಅದೇ ಹೊಂದುತ್ತದೆ.

ಹೆಚ್ಚು ದಿನ ತೆಗೆದುಕೊಂಡದ್ದು ಸೌತ್ ಕ್ಯಾರೊಲಿನಾದ ಅರ್ಜಿ. ನಾಲ್ಕು ವರ್ಷದ ಪದವಿ. ಅಂತರರಾಷ್ಟ್ರೀಯ ವ್ಯವಹಾರ ಓದುವವರು ಜೊತೆಗೆ ಇನ್ನೊಂದು ವ್ಯವಹಾರ ವಿಷಯವನ್ನೂ ಓದಬೇಕು, ಪರಭಾಷೆ ಕಲಿಯಬೇಕು, ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಕಳೆಯಬೇಕು. ಅರ್ಜಿ ಹಾಕಿದ್ದು ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕಬಹುದಾದ ಕಾಮನ್ ಆ್ಯಪ್ ಎಂಬ ಜಾಲತಾಣದ ಮೂಲಕ. ಅದರ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿ.

ನನ್ನ ಮೊದಲ ಕರಡು 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ಬಗ್ಗೆ ಇತ್ತು. 400 ಮೀಟರ್ ಉದ್ದದ ಹಡಗು, ಆರು ದಿನ ನಿಂತ ಸಂಚಾರ, ಜಗತ್ತಿನ ವ್ಯಾಪಾರ ಎಷ್ಟು ನಾಜೂಕು ಎಂಬ ಮಾತು. ಓದಿದ ಅಕ್ಕ, ‘ಇದರಲ್ಲಿ ನೀನು ಎಲ್ಲಿದ್ದೀಯ?’ ಎಂದು ಕೇಳಿದಳು. ಉತ್ತರವಿರಲಿಲ್ಲ.

ಅಕ್ಕ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ರಜೆಯಲ್ಲಿ ಅವಳ ಕಡತಗಳನ್ನು ಜೋಡಿಸುವಾಗ ಒಂದು ಬಿಲ್ಲಿನ ಮೇಲೆ ‘ಎಫ್‌ಒಬಿ’ ಎಂಬುದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದು ನೋಡಿ ಏನದು ಎಂದು ಕೇಳಿದ್ದೆ. ಅವಳು ಮೇಜಿನ ಮೇಲೆ ಸ್ಕೇಲನ್ನು ಅಡ್ಡವಿಟ್ಟು, ‘ಇದರ ಆಚೆಗೆ ಹಡಗು’ ಎಂದಳು. ರಬ್ಬರನ್ನು ಎತ್ತಿ ಸ್ಕೇಲಿನ ಆಚೆ ಇಟ್ಟಳು. ‘ಸರಕು ಹಡಗಿನಲ್ಲಿ ಕುಳಿತಾಯಿತು. ಈಗ ಮುಳುಗಿದರೆ ನಷ್ಟ ಯಾರದು, ಹೇಳು?’ ಕೊಂಡವನದು. ‘ಸಿಐಎಫ್ ಆಗಿದ್ದರೆ?’ ಬಂದರು ಮುಟ್ಟುವವರೆಗೆ ಬಾಡಿಗೆಯನ್ನೂ ವಿಮೆಯನ್ನೂ ಮಾರಿದವನೇ ಕಟ್ಟುತ್ತಾನಲ್ಲ, ಹಾಗಾಗಿ ಅವನದು ಎಂದೆ. ತಪ್ಪು. ಅಲ್ಲಿಯೂ ಸರಕು ಹಡಗೇರಿದ ಮೇಲೆ ಅಪಾಯ ಕೊಂಡವನ ಪಾಲಿಗೆ. ದುಡ್ಡು ಕಟ್ಟುವವನು ಒಬ್ಬ, ನಷ್ಟ ಹೊರುವವನು ಇನ್ನೊಬ್ಬ! ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ 2020ರ ಇನ್‌ಕೋಟರ್ಮ್ಸ್‌ನಲ್ಲಿ, ಅಂದರೆ ಸರಕಿನ ಖರ್ಚು ಮತ್ತು ಅಪಾಯ ಮಾರುವವರದೋ ಕೊಳ್ಳುವವರದೋ ಎಂದು ಹೇಳುವ ನಿಯಮಾವಳಿಯಲ್ಲಿ, ಇಂಥ 11 ನಿಯಮಗಳಿವೆ. ಅಂದು ರಾತ್ರಿ ಹನ್ನೊಂದನ್ನೂ ಓದಿದೆ. ಈ ವಿಷಯವನ್ನೇ ಓದಬೇಕೆಂದು ನನಗೆ ಅನಿಸಿದ್ದು ಆ ರಬ್ಬರಿನಿಂದ. ಎವರ್ ಗಿವನ್ ಅನ್ನು ಅಳಿಸಿ ರಬ್ಬರಿನ ಬಗ್ಗೆ ಬರೆದೆ.

ಇಎಸ್‌ಸಿಪಿಯನ್ನೂ ಯೋಚಿಸಿದ್ದೆ. 1819ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಈ ವ್ಯವಹಾರ ಶಾಲೆಯ ಪದವಿಯನ್ನು ಮೂರು ವರ್ಷ ಮೂರು ದೇಶಗಳಲ್ಲಿ ಓದಬೇಕು. ವರ್ಷವರ್ಷವೂ ಗಂಟುಮೂಟೆ ಕಟ್ಟುವ ಉತ್ಸಾಹ ಇರುವವರು ನೋಡಲಿ, ನಾನು ಬಿಟ್ಟೆ.

ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ: ಮೂರೂ ಕಡೆಯ ಉತ್ತರ ಒಂದೇ ಸಲ ಬರುವುದಿಲ್ಲ. ಬೊಕೋನಿಯ ಆಯ್ಕೆ ಸುತ್ತುಗಳ ಫಲಿತಾಂಶ ಮೊದಲು ಬಂತು. ಹಣ ಕಟ್ಟಿ ಸೀಟು ಉಳಿಸಿಕೊಳ್ಳಬೇಕಾದಾಗ ರಾಟರ್‌ಡ್ಯಾಮ್‌ನ ರ‍್ಯಾಂಕ್ ಇನ್ನೂ ಬಂದಿರಲಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯವಿರುತ್ತದೆ. ಆದ್ದರಿಂದ ಮೊದಲು ಉತ್ತರ ಕೊಡುವ ಕಡೆಗೆ ಮನಸ್ಸಿಲ್ಲದೆ ಅರ್ಜಿ ಹಾಕಬೇಡಿ, ನಿರ್ಧಾರ ಕತ್ತಲಲ್ಲೇ ಮಾಡಬೇಕಾಗುತ್ತದೆ. ಇನ್ನು ಕೆಲಸ ಶುರು ಮಾಡುವಾಗ ಪ್ರಬಂಧವನ್ನೇ ಮೊದಲು ಕೈಗೆತ್ತಿಕೊಳ್ಳಿ, ಅದನ್ನು ಕೇಳುವ ಕಡೆ ನೀವು ಹೋಗದೇ ಇದ್ದರೂ. ನಾನು ಅದನ್ನು ಬರೆದ ಮೇಲೆಯೇ ಉಳಿದ ಎರಡು ಅರ್ಜಿಗಳ ಪ್ರತಿ ಖಾನೆಗೂ ತಡವರಿಸದೆ ಉತ್ತರ ತುಂಬಿದ್ದು.

ಸೌತ್ ಕ್ಯಾರೊಲಿನಾದ ನಾಲ್ಕು ವರ್ಷದ ಖರ್ಚು ಮನೆಯ ಲೆಕ್ಕಕ್ಕೆ ಹೊಂದಲಿಲ್ಲ. ಬೊಕೋನಿಗೆ ಹಣ ಕಟ್ಟಿದೆ. ಏಪ್ರಿಲ್ 15ರಂದು ಬಂದ ರ‍್ಯಾಂಕ್ ನಿಗದಿತ ಸೀಟುಗಳ ಒಳಗೇ ಇತ್ತು. ಎರಡು ವಾರ ಇದ್ದರೂ ಅಂದು ಸಂಜೆಯೇ ಅದನ್ನು ಬಿಟ್ಟುಕೊಟ್ಟೆ. ಪಟ್ಟಿಯಲ್ಲಿ ಕಾಯುತ್ತಿದ್ದ ಯಾರೋ ಒಬ್ಬರು ಒಂದು ಸ್ಥಾನ ಮುಂದೆ ಬಂದಿರಬೇಕು.